ಡ್ಯಾಶ್‌ಬೋರ್ಡ್ ಇಳಿಸದೆ ಹೀಟರ್ ಕೋರ್ ಬದಲಾಯಿಸಿದೆ: ನನ್ನ ಅನುಭವ

ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸದೆ ನನ್ನ ಕಾರಿನ ಹೀಟರ್ ಕೋರ್ (ಇಂಜಿನ್‌ನ ಬಿಸಿ ಕೂಲಂಟ್ ಹರಿದು ಕಾರಿನ ಒಳಗಿನ ಗಾಳಿ ಬೆಚ್ಚಗಾಗಿಸುವ ಪುಟ್ಟ ರೇಡಿಯೇಟರ್) ಹೊರಗೆ ಬರೋದೇ ಇಲ್ಲ ಅಂತ ನಾನು ಕೇಳಿದ ಮೆಕ್ಯಾನಿಕ್‌ಗಳೆಲ್ಲ ಹೇಳಿದ್ದರು. ಬಂತು. ಹೊಸ ಕೋರ್ ಕೂತು ಒಂದೆರಡು ಚಳಿಗಾಲ ಕಳೆದಿವೆ, ಒಂದು ಹನಿಯೂ ಸೋರಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸಿಹಿ ವಾಸನೆ, ಗಾಜಿನ ಒಳಗೆ ಜಿಡ್ಡು, ಒದ್ದೆ ಕಾರ್ಪೆಟ್, ಕೋರ್ ಸೋರುವ ಈ ಲಕ್ಷಣಗಳೆಲ್ಲ ನಿಮಗೆ ಗೊತ್ತಿರುವುದೇ. ಎಸಿ ಡ್ರೈನ್ ಕಟ್ಟಿಕೊಂಡರೂ ಕಾರ್ಪೆಟ್ ಒದ್ದೆಯಾಗುತ್ತದೆ, ಬೆರಳಲ್ಲಿ ಉಜ್ಜಿದರೆ ವ್ಯತ್ಯಾಸ ತಿಳಿಯುತ್ತದೆ: ಜಿಡ್ಡಾಗಿದ್ದರೆ ಕೂಲಂಟ್, ಇಲ್ಲದಿದ್ದರೆ ಬರೀ ನೀರು. ನನಗೆ ಮುಖ್ಯ ಅನಿಸಿದ್ದು ಬೇರೆ. ಸೋರುತ್ತಿರುವುದು ಕೋರೇನಾ, ಅಥವಾ ಅದಕ್ಕೆ ಪೈಪ್ ಸೇರುವ ಕಡೆಯ ರಬ್ಬರ್ ಬಳೆ, ಅಂದರೆ ಓ-ರಿಂಗಾ? ಓ-ರಿಂಗ್ ಆದರೆ ಖರ್ಚು ಒಂದು ಊಟದಷ್ಟೂ ಆಗುವುದಿಲ್ಲ. ಕೂಲಂಟ್ ವ್ಯವಸ್ಥೆಗೆ ಪ್ರೆಶರ್ ಟೆಸ್ಟರ್ ಹಾಕಿ ಒತ್ತಡವನ್ನು ಸುಮಾರು 15 ಪಿಎಸ್‌ಐಗೆ ಏರಿಸಿದೆ, ಮುಳ್ಳು ನಿಧಾನವಾಗಿ ಇಳಿಯಿತು. ಆಮೇಲೆ ಇಂಜಿನ್ ಕಡೆಯ ಎರಡೂ ಹೀಟರ್ ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಮತ್ತೆ ಏರಿಸಿದೆ. ಮುಳ್ಳು ಅಲ್ಲಾಡಲಿಲ್ಲ. ಅಂದರೆ ತೊಂದರೆ ಹೀಟರ್ ಕಡೆಯೇ. ಗ್ಲೋವ್ ಬಾಕ್ಸ್ ತೆಗೆದು ಟಾರ್ಚ್ ಹಿಡಿದರೆ ಓ-ರಿಂಗ್ ಸುತ್ತ ಒಣಗಿತ್ತು, ಕೋರ್‌ನ ತಳದಲ್ಲಿ ಒದ್ದೆ.

ಬೇಸಿಗೆ ಪೂರ್ತಿ ಆ ಬೈಪಾಸ್‌ನಲ್ಲೇ ಓಡಿಸಿದೆ. ಹೋಸ್‌ಗಳ ಬಾಯಿಗೆ ಬಿರಡೆ ಹಾಕಲಿಲ್ಲ, ಜೋಡಿಸಿಯೇ ಇಟ್ಟೆ. ಕೆಲವು ಇಂಜಿನ್‌ಗಳಿಗೆ ಆ ದಾರಿಯ ಹರಿವು ಬೇಕೇ ಬೇಕು.

ಗ್ಯಾರೇಜ್‌ನವರು ಕೇಳಿದ ಕೂಲಿ ಕೋರ್‌ನ ಬೆಲೆಯ ಆರೇಳು ಪಟ್ಟು. ಅಷ್ಟು ಯಾಕೆ ಸುರಿಯಬೇಕು ಅಂತ ಮೊದಲು ರಿಪೇರಿ ದಾರಿ ಹಿಡಿದೆ. ಸೋರಿಕೆ ನಿಲ್ಲಿಸುವ ದ್ರಾವಣ ಹಾಕಿದೆ. ನಿಂತಿತು, ನಿಜ. ಆದರೆ ಒಳಗೆ ಹೋಗುವ ಹೋಸ್ ಮುಟ್ಟಲಾಗದಷ್ಟು ಬಿಸಿ, ಹೊರಬರುವ ಹೋಸ್ ಬರೀ ಉಗುರು ಬೆಚ್ಚಗೆ. ಕೋರ್‌ನ ನಳಿಗೆಗಳು ತುಂಬಾ ಸಣ್ಣವು, ತೂತಿನ ಜೊತೆ ಅವೂ ಕಟ್ಟಿಕೊಂಡವು. ಹಿಮ್ಮುಖವಾಗಿ ನೀರು ಬಿಟ್ಟು ತೊಳೆದೆ. ಬಿಸಿ ಸ್ವಲ್ಪ ಬಂತು, ಸೋರಿಕೆಯೂ ವಾಪಸ್ ಬಂತು! ದ್ರಾವಣಕ್ಕೂ ಕೂಲಂಟ್‌ಗೂ ಹೋದ ದುಡ್ಡು ಸೇರಿಸಿದರೆ ಅರ್ಧ ಕೋರ್ ಬರುತ್ತಿತ್ತು. ಕೈ ನಿಲುಕಿದ ಜಾಗಕ್ಕೆ ಎಪಾಕ್ಸಿ ಬಳಿದದ್ದು ಎರಡು ಮೂರು ವಾರ ಹಿಡಿಯಿತು, ಅಷ್ಟೇ. ಬಿಸಿಗೆ ಹಿಗ್ಗಿ, ತಣಿದಾಗ ಕುಗ್ಗುವ ಲೋಹದ ಮೇಲೆ ಅದು ನಿಲ್ಲುವುದಿಲ್ಲ.

ತಾಮ್ರ-ಹಿತ್ತಾಳೆಯ ಹಳೆ ಕೋರ್ ಆಗಿದ್ದರೆ ಬೆಸುಗೆ ಹಾಕಿಸುತ್ತಿದ್ದೆ. ಅದೂ ಪಕ್ಕದಿಂದ ಅರ್ಧ ಗಂಟೆಯಲ್ಲಿ ಎಳೆಯಲು ಬರುವ ಗಾಡಿಯಾದರೆ ಮಾತ್ರ. ನನ್ನದು ಅಲ್ಯೂಮಿನಿಯಂ, ಎರಡೂ ತುದಿಗೆ ಲೋಹದ ಅಂಚು ಮಡಚಿ ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿದ್ದು. ಇದಕ್ಕೆ ಮಾಮೂಲಿ ಬೆಸುಗೆ ಹಿಡಿಯುವುದೇ ಇಲ್ಲ. ಕಷ್ಟ ಇರುವುದು ಅದನ್ನು ತಲುಪುವುದರಲ್ಲಿ. ಅಷ್ಟು ಕಷ್ಟಪಟ್ಟು ತಲುಪಿ, ತೇಪೆ ಹಾಕಿದ ಹಳೆಯದನ್ನೇ ಒಳಗೆ ಕೂರಿಸುವುದು ಶುದ್ಧ ನಷ್ಟ ಅಲ್ವಾ? ಹಾಗಾಗಿ ಬದಲಾಯಿಸುವುದೇ ಅಂತ ತೀರ್ಮಾನಿಸಿದೆ.

ಕೋರ್ ಹೊರಗೆ ಬರಲು ಅಡ್ಡ ಬರುತ್ತಿದ್ದದ್ದು ಅದರ ಪೈಪ್‌ಗಳು ಮಾತ್ರ. ಅವು ಫೈರ್‌ವಾಲ್ (ಇಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ) ದಾಟಿ ಇಂಜಿನ್ ಕಡೆ ಹೋಗುತ್ತವೆ. ಹಾಗಾದರೆ ಅವನ್ನೇ ಒಳಗಡೆ ಕತ್ತರಿಸಿದರೆ? ಮೊದಲು ಬ್ಯಾಟರಿ ಬಿಚ್ಚಿ, ಏರ್‌ಬ್ಯಾಗ್ ಅಕಸ್ಮಾತ್ ಸಿಡಿಯದಿರಲಿ ಅಂತ ಒಂದಷ್ಟು ಹೊತ್ತು ಬಿಟ್ಟೆ. ಮೆಲ್ಲಗೆ ಗಾಳಿ ಊದಿ ಕೋರ್ ಖಾಲಿ ಮಾಡಿದೆ. ಸುಮಾರು ಎರಡು ಇಂಚು ಪೈಪ್ ಉಳಿಯುವಂತೆ ಕತ್ತರಿಸಿದೆ, ಪುಡಿಯನ್ನೆಲ್ಲ ವ್ಯಾಕ್ಯೂಮ್‌ನಿಂದ ಎಳೆದೆ. ಕಾಲಿಡುವ ಜಾಗದಿಂದ ಕೋರ್ ಜಾರಿ ಬಂತು. ಹೊಸ ಕೋರ್‌ನ ಪೈಪನ್ನೂ ಅಳತೆಗೆ ಕತ್ತರಿಸಿ, ಹೀಟರ್ ಹೋಸ್‌ನ ತುಂಡು ಮತ್ತು ಒಳ್ಳೆ ಕ್ಲ್ಯಾಂಪ್‌ಗಳಿಂದ ಸೇರಿಸಿದೆ. ನುಣುಪಾದ ಪೈಪ್ ಮೇಲೆ ಹೋಸ್ ಜಾರುತ್ತದೆ, ತುದಿಯಲ್ಲಿ ಉಬ್ಬು ಬೇಕೇ ಬೇಕು. ತೆಳು ಅಲ್ಯೂಮಿನಿಯಂ ಬಿರಿಯದ ಹಾಗೆ ಆ ಉಬ್ಬು ಎಬ್ಬಿಸಿದ್ದು ಹೇಗೆ, ಕೋರನ್ನು ಯಾವ ಕೋನಕ್ಕೆ ತಿರುಗಿಸಿ ನುಗ್ಗಿಸಿದೆ, ಈ ಎರಡನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಾಲ್ಕು ಗಾಡಿ ಬಿಚ್ಚಿದವರಿಗೆ ಕೈಗೇ ತಿಳಿಯುತ್ತದೆ.

ಕೆಲಸ ಹೆಚ್ಚುಕಮ್ಮಿ ಐದು ಗಂಟೆ ಹಿಡಿಯಿತು. ಖರ್ಚು ಗ್ಯಾರೇಜ್ ಹೇಳಿದ್ದರ ಐದನೇ ಒಂದು ಭಾಗವೂ ಆಗಲಿಲ್ಲ.

ಇನ್ನೊಂದು ವಿಷಯ. ಹೊಸ ಕೋರನ್ನು ಹಾಗೇ ಕೂರಿಸಬೇಡಿ. ಅಗ್ಗದ್ದೊಂದು ಮೊದಲು ತಂದಿದ್ದೆ. ಬಕೆಟ್ ನೀರಲ್ಲಿ ಮುಳುಗಿಸಿ 15 ಪಿಎಸ್‌ಐ ಗಾಳಿ ಕೊಟ್ಟರೆ ಟ್ಯಾಂಕ್ ಸೇರುವ ಮಡಚಿದ ಅಂಚಿನ ಹತ್ತಿರ ಗುಳ್ಳೆ ಬಂತು. ಅದೇ ದಿನ ವಾಪಸ್ ಕೊಟ್ಟು, ಸುಮಾರು ಒಂದೂವರೆ ಪಟ್ಟು ಬೆಲೆಯದ್ದು ತಂದೆ.

ಹಳೆ ಕೋರ್ ಯಾಕೆ ತೂತಾಯಿತು ಅನ್ನುವುದೂ ತಲೆ ಕೊರೆಯುತ್ತಿತ್ತು. ಮಲ್ಟಿಮೀಟರ್‌ನ ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್‌ಗೆ ಹಿಡಿದೆ. ಕೆಂಪು ತುದಿಯನ್ನು ಇಂಜಿನ್ ತಣ್ಣಗಿದ್ದಾಗಲೇ ಲೋಹ ತಾಗದಂತೆ ಕೂಲಂಟ್‌ಗೆ ಅದ್ದಿ, ಸ್ಟಾರ್ಟ್ ಮಾಡಿ ಬ್ಲೋವರ್, ಹೆಡ್‌ಲೈಟ್ ಎಲ್ಲ ಹಾಕಿದೆ. 0.4 ವೋಲ್ಟ್ ಆಸುಪಾಸು ತೋರಿಸಿತು. ಜಾಸ್ತಿನೇ, ಅಂದರೆ ಕೂಲಂಟ್ ಮೂಲಕ ಕರೆಂಟ್ ಹರಿದು ಲೋಹ ತಿನ್ನುತ್ತಿತ್ತು. ಇಂಜಿನ್‌ನಿಂದ ಕಾರಿನ ಬಾಡಿಯವರೆಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿ ಮಾಡಿದ ಮೇಲೆ 0.1ಕ್ಕಿಂತ ಕೆಳಗೆ ಬಂತು. ಇದನ್ನು ಸರಿ ಮಾಡದಿದ್ದರೆ ಹೊಸ ಕೋರನ್ನೂ ಅದು ತಿನ್ನುತ್ತಿತ್ತು.

ಕೋರ್ ಸುತ್ತಲಿನ ಫೋಮ್ ಪಟ್ಟಿಯನ್ನೂ ಪರೀಕ್ಷಿಸಿದೆ. ಪಟ್ಟಿ ಇಲ್ಲದೆ ಓಡಿಸಿದಾಗ ಗಾಳಿ ಪಕ್ಕದಿಂದ ನುಸುಳಿ, ವೆಂಟ್‌ನಲ್ಲಿ ಏಳೆಂಟು ಡಿಗ್ರಿ ಕಡಿಮೆ ಬಿಸಿ ಇತ್ತು. ಅಂಟಿಸಿದ ಮೇಲೆ ಸರಿಹೋಯಿತು.

ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ತುಂಬಿ, ಗಾಡಿಯ ಮೂತಿ ಮೇಲೆತ್ತಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಕೂಲಂಟ್‌ನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದೆ. ಡ್ಯಾಶ್ ಒಳಗೆ ಗುಳುಗುಳು ಶಬ್ದ ನಿಲ್ಲುವವರೆಗೂ ಬಿಡಬೇಡಿ. ಇಳಿಸಿದ ಹಳೆ ಕೂಲಂಟ್ ಬಕೆಟ್ ಮುಚ್ಚಿಡಿ. ಸಿಹಿ ಅಂತ ನಾಯಿ ನೆಕ್ಕಿದರೆ ಜೀವಕ್ಕೇ ಅಪಾಯ. ಒಳಗಿನ ಆ ಹೋಸ್ ತುಂಡುಗಳು ರಬ್ಬರ್. ಐದು ವರ್ಷಕ್ಕೊಮ್ಮೆ ಅವನ್ನು ಬದಲಾಯಿಸುವ ಲೆಕ್ಕ ಇಟ್ಟುಕೊಂಡಿದ್ದೇನೆ. ಗ್ಲೋವ್ ಬಾಕ್ಸ್ ತೆಗೆದರೆ ಕೈಗೆ ಸಿಗುತ್ತವೆ.