ಚೌಕಾಬಾರದ ನಡುಮನೆಯಲ್ಲಿ ರನ್ನನ ಸರೋವರ

ಚೌಕಾಬಾರ ಆಡಿದವರಿಗೆಲ್ಲ ಗೊತ್ತು, ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಅಲ್ಲಿಗೆ ಅದರ ಕಷ್ಟ ಮುಗಿಯಿತು, ಇನ್ನು ಯಾರೂ ಅದನ್ನು ಹೊಡೆಯುವಂತಿಲ್ಲ. ನಾನು ಮಾಡಿದ ಆಟದಲ್ಲಿ ಆ ನಡುಮನೆಗೆ ನೀಲಿ ಬಣ್ಣ ಬಳಿದಿದ್ದೇನೆ. ಅದು ಗದಾಯುದ್ಧ ಕಾವ್ಯದಲ್ಲಿ ದುರ್ಯೋಧನ ಅಡಗಿ ಕೂರುವ ವೈಶಂಪಾಯನ ಸರೋವರ. ಕಾಯಿಗೆ ನಿಜವಾದ ಕಷ್ಟ ಶುರುವಾಗುವುದೇ ಅಲ್ಲಿ. ಇಷ್ಟು ಸಣ್ಣ ಬದಲಾವಣೆ ಹೊಳೆಯಲು ನನಗೆ ಎರಡು ವರ್ಷ ಹಿಡಿಯಿತು.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ರನ್ನನ ಗದಾಯುದ್ಧ ನನಗೆ ಕಾಲೇಜಿನ ದಿನಗಳಿಂದಲೂ ಪ್ರಾಣ. ಅದನ್ನು ಮಕ್ಕಳ ಕೈಗೆ ಆಟವಾಗಿ ಕೊಡಬೇಕೆಂದು ಹೊರಟಾಗ ಮೊದಲು ಮಾಡಿದ್ದು ಹಾವು ಏಣಿಯ ಪಟ, ಅದರ ಜೊತೆಗೆ ಪ್ರಶ್ನೆಯ ಚೀಟಿಗಳು. ರನ್ನನ ಊರು ಯಾವುದು? ಕಾವ್ಯದ ಇನ್ನೊಂದು ಹೆಸರೇನು? ಉತ್ತರ ಸರಿಯಾದರೆ ಏಣಿ, ತಪ್ಪಾದರೆ ಹಾವು. ಮಕ್ಕಳು ಎರಡು ಸುತ್ತು ಆಡಿ ಪಟ ಮಡಿಸಿಟ್ಟರು. ಅವರಿಗೆ ಅದು ಕಿರುಪರೀಕ್ಷೆಯೆಂದು ಚೆನ್ನಾಗಿಯೇ ಗೊತ್ತಾಗಿತ್ತು. ನಮ್ಮ ಹಳೆಯ ಪರಮಪದ ಸೋಪಾನ ಪಟದಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಅಲ್ಲಿ ಪುಣ್ಯವೇ ಏಣಿ, ಪಾಪವೇ ಹಾವು. ಹೇಳಬೇಕಾದದ್ದನ್ನೆಲ್ಲ ಕಾಯಿಯ ನಡಿಗೆಯೇ ಹೇಳಿಬಿಡುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಎಂಬ ತಮ್ಮ ಗ್ರಂಥದ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟು ಕೌತುಕನಿಧಿ ಎಂದು ಹೆಸರಿಟ್ಟ ನಾಡು ನಮ್ಮದು. ಹೀಗಿರುವಾಗ ಆಟಕ್ಕೆ ಪ್ರಶ್ನೆಪತ್ರಿಕೆ ಅಂಟಿಸಿದ್ದು ನನಗೇ ನೋವಾಯಿತು.

ಎರಡನೆಯ ಪ್ರಯತ್ನಕ್ಕೆ ದಾರಿ ತೋರಿಸಿದ್ದು ಗೆಳತಿಯ ಮನೆಯಲ್ಲಿ ಆಡಿದ ‘ಫ್ಯೂರಿ ಆಫ್ ಡ್ರಾಕುಲಾ’. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಕಾದಂಬರಿಯಿಂದ ಹುಟ್ಟಿದ ಈ ಆಟ ಮೊದಲು ಬಂದದ್ದು 1987ರಲ್ಲಿ. ಒಬ್ಬರು ಡ್ರಾಕುಲಾ ಆಗಿ ಯುರೋಪಿನ ನಕ್ಷೆಯ ಮೇಲೆ ಯಾರಿಗೂ ಕಾಣದಂತೆ ಓಡಾಡುತ್ತಾರೆ, ಉಳಿದವರು ಬೆನ್ನು ಹತ್ತುತ್ತಾರೆ. ನನ್ನ ದುರ್ಯೋಧನನೂ ಅಡಗಿದವನೇ ತಾನೇ ಎಂದು ಖುಷಿಯಾಗಿ, ಕುರುಕ್ಷೇತ್ರದ ತುಂಬ ಅಡಗುತಾಣ ಬರೆದು ಆಡಿಸಿದೆ. ಆಟ ಚೆನ್ನಾಗಿಯೇ ಸಾಗಿತು. ಆದರೆ ಅದರಲ್ಲಿ ರನ್ನ ಇರಲಿಲ್ಲ. ಗದಾಯುದ್ಧ ಓದುವವನಿಗೆ ದುರ್ಯೋಧನ ಎಲ್ಲಿದ್ದಾನೆಂಬುದು ಗುಟ್ಟಲ್ಲ. ಅವನು ಕೊಳದಲ್ಲಿ ಎಷ್ಟು ಹೊತ್ತು ಇರಬಲ್ಲ ಎಂಬುದಕ್ಕೇ ನಾವು ಉಸಿರು ಬಿಗಿಹಿಡಿದು ಕಾಯುವುದು.

ಆಗ ಚೌಕಾಬಾರಕ್ಕೆ ಬಂದೆ. ಐದಕ್ಕೈದು, 25 ಮನೆ. ಹೊರಸುತ್ತು 16, ಒಳಸುತ್ತು 8, ನಡುವೆ ಒಂದು. ನಾಲ್ಕು ಬದಿಗಳ ನಡುವೆ ಗುಣಿಸು ಗುರುತಿನ ಕಟ್ಟೆಮನೆಗಳು. ಮಾಮೂಲಿ ಆಟದಲ್ಲಿ ಕಟ್ಟೆಯೆಂದರೆ ಕಾಯಿಗೆ ರಕ್ಷಣೆ. ನಾನು ಆ ನಾಲ್ಕರಲ್ಲಿ ದ್ರೋಣ, ದುಶ್ಶಾಸನ, ಲಕ್ಷಣಕುಮಾರ, ಕರ್ಣ ಇವರನ್ನು ಮಲಗಿಸಿದೆ. ಸಂಜಯನೊಡನೆ ರಣರಂಗದಲ್ಲಿ ನಡೆಯುವ ದುರ್ಯೋಧನ ತನ್ನವರ ಹೆಣಗಳ ಮುಂದೆ ನಿಂತು ಅಳುವ ಭಾಗವಿದು. ತಮ್ಮನ ಮುಂದೆ ಅವನು ಹೇಳುವ ಮಾತು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ತಾಯ ಮೊಲೆಹಾಲನ್ನು ಮೊದಲು ನಾನುಂಡೆ, ಆಮೇಲೆ ನೀನು. ಎಲ್ಲದರಲ್ಲೂ ಹೀಗೆ ನಾನು ಮುಂದು, ನೀನು ಹಿಂದು. ಸಾವಿನಲ್ಲಿ ಮಾತ್ರ ಕ್ರಮ ತಪ್ಪಿತಲ್ಲ ಎನ್ನುತ್ತಾನೆ. ಆಟದಲ್ಲಿ ಕಟ್ಟೆಗೆ ಬಂದವರು ನಿಲ್ಲದೆ ಮುಂದೆ ಹೋಗಬಹುದು. ನಿಂತರೆ, ಹೊತ್ತು ಅಳೆಯುವ ಪಟ್ಟಿಯಲ್ಲಿ ಸೂರ್ಯ ಒಂದು ಮನೆ ಇಳಿಯುತ್ತಾನೆ, ಕೈಗೆ ಒಂದು ‘ಛಲ’ ಬರುತ್ತದೆ.

ಛಲಕ್ಕೆ ಬಳಸುವುದು ಬಳೆಚೂರು. ನಮ್ಮ ಅಜ್ಜಿಯ ಕಾಲದಲ್ಲಿ ಚೌಕಾಬಾರದ ಕಾಯಿಯೂ ಅದೇ ಆಗಿತ್ತು. ರನ್ನ ಹುಟ್ಟಿದ್ದು ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ. ಪ್ಲಾಸ್ಟಿಕ್ ಬಿಲ್ಲೆ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಮನಸ್ಸು ಒಪ್ಪಲಿಲ್ಲ.

ಸೂರ್ಯನ ಪಟ್ಟಿ ಎಷ್ಟು ಉದ್ದವಿರಬೇಕು ಎಂಬ ಲೆಕ್ಕಕ್ಕೆ ಕುಳಿತೆ. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆಂದು ಹಿಡಿದರೆ, ನಾಲ್ಕೂ ಕವುಚಿದಾಗಿನ ಎಂಟನ್ನೂ ಸೇರಿಸಿ, ಒಂದು ಎಸೆತಕ್ಕೆ ಸರಾಸರಿ ಎರಡೂವರೆ ಬರುತ್ತದೆ. ನಡುಮನೆಗೆ 24 ಹೆಜ್ಜೆ, ಅಂದರೆ ಸುಮಾರು 10 ಎಸೆತ. ನಾಲ್ಕು ಕಡೆ ಅತ್ತರೆ 14 ಆಯಿತು. ಕೊಳದೊಳಗೆ ಆರು ಸುತ್ತಾದರೂ ಕಾಯಬೇಕೆಂದು ಪಟ್ಟಿಗೆ 20 ಮನೆ ಇಟ್ಟೆ. ಮೊದಲು 16 ಇಟ್ಟಿದ್ದಾಗ ಭೀಮ ಬಾಯಿ ತೆರೆಯುವಷ್ಟರಲ್ಲಿ ಕತ್ತಲಾಗುತ್ತಿತ್ತು.

ಭೀಮನದು ಒಂದೇ ಕೆಲಸ: ದಡದಲ್ಲಿ ನಿಂತು ಗರ್ಜಿಸುವುದು. ಗರ್ಜನೆಯೆಂದರೆ ಚೀಟಿಯಲ್ಲಿರುವ ಕಂದಪದ್ಯವನ್ನು ಎಲ್ಲೂ ತಡವರಿಸದೆ ಗಟ್ಟಿಯಾಗಿ ಓದುವುದು. ತಡವರಿಸದಿದ್ದರೆ ದುರ್ಯೋಧನನ ಬೆವರು ಒಂದು ಮನೆ ಏರುತ್ತದೆ. ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’, ಅಂದರೆ ನೀರಿನೊಳಗಿದ್ದರೂ ದುರ್ಯೋಧನ ಬೆವರಿದ ಎಂಬ ಸಾಲು ಕನ್ನಡಿಗರ ನಾಲಿಗೆಯ ಮೇಲಿದೆ. ಆದರೆ ಇಡೀ ಪದ್ಯವನ್ನು ಬಾಯಿಬಿಟ್ಟು ಓದಿದವರು ಕಡಿಮೆ. ‘ಆ ರವಮಂ’ ಎಂದು ಶುರುವಾಗಿ ನಾಲ್ಕೂ ಸಾಲುಗಳ ಎರಡನೆಯ ಅಕ್ಷರ ರಕಾರವೇ ಆಗಿ ಉರುಳುತ್ತದೆ. ಪ್ರಾಸದ ನಿಯಮ ಹೇಳಿಕೊಟ್ಟಾಗ ಆಕಳಿಸುತ್ತಿದ್ದ ಹುಡುಗರು, ಎದುರಾಳಿಯನ್ನು ನೀರಿನಿಂದ ಎಬ್ಬಿಸಬೇಕೆಂದಾಗ ಆ ರಕಾರವನ್ನು ಹುಡುಕಿ ಹುಡುಕಿ ಒತ್ತಿದರು. ಹಳಗನ್ನಡ ಅವರ ಬಾಯಲ್ಲಿ ಅಷ್ಟು ಚೆನ್ನಾಗಿ ಕೇಳಿದ್ದು ಅದೇ ಮೊದಲು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಸೂರ್ಯ ಮುಳುಗುವವರೆಗೆ ನೀರಿನಲ್ಲಿದ್ದರೆ ದುರ್ಯೋಧನ ಗೆದ್ದಂತೆ ಎಂದು ಬರೆದಿದ್ದೆ. ಒಂದು ದಿನ ಕೊಳದಲ್ಲಿ ಕಳೆ, ಬಲರಾಮ, ಅಶ್ವತ್ಥಾಮ ಮೊದಲಾದವರು ಬಂದು ಸೇರುತ್ತಾರೆ ಎಂದು ಭೀಷ್ಮ ಕೊಟ್ಟ ಬುದ್ಧಿಮಾತಿನಿಂದ ತೆಗೆದ ನಿಯಮವದು. ಆಡಿದವರೆಲ್ಲ ಕಟ್ಟೆಯಲ್ಲಿ ನಿಲ್ಲದೆ ಓಡಿ, ನೀರಿಗಿಳಿದು, ಸುಮ್ಮನೆ ಕುಳಿತು ಗೆದ್ದರು. ಪುಸ್ತಕ ಮತ್ತೆ ತೆರೆದೆ. ಅದೇ ಭೀಷ್ಮನ ಮುಂದೆ ದುರ್ಯೋಧನ ಹೇಳಿದ್ದು: ‘ನೆಲಕಿರಿವೆನೆಂದು ಬಗೆದಿರೆ ಛಲಕಿರಿವೆಂ’, ನೆಲಕ್ಕಾಗಿ ಹೋರಾಡುತ್ತೇನೆಂದುಕೊಂಡಿರಾ, ಛಲಕ್ಕಾಗಿ ಹೋರಾಡುತ್ತೇನೆ. ಕರ್ಣನನ್ನು ಕೊಲ್ಲಿಸಿದ ನೆಲ ತನಗೆ ಪಾಳುನೆಲ ಎಂದವನಿಗೆ ನಾನು ಬದುಕಿ ಉಳಿದದ್ದಕ್ಕೆ ಗೆಲುವು ಕೊಡುತ್ತಿದ್ದೆ. ಅಂದೇ ರಾತ್ರಿ ನಿಯಮ ತಿದ್ದಿದೆ. ಸೂರ್ಯ ಮುಳುಗಿದರೆ ಆಟ ಸಮ, ಕೈಯಲ್ಲಿರುವ ಛಲವೆಲ್ಲ ಡಬ್ಬಿಗೆ. ಬೆವರು ಏಳು ಮುಟ್ಟಿ ಹೊರಬಿದ್ದರೂ ಛಲ ಹೋಗುತ್ತದೆ. ತಾನಾಗಿ ಎದ್ದು ಬಂದರೆ ಮಾತ್ರ ಅದು ಅವನದು.

ತಿದ್ದಿದ ಆಟವನ್ನು ಮೊದಲು ಆಡಿದವರು ನನ್ನ ಅಪ್ಪ ಮತ್ತು ಅಕ್ಕನ ಮಗಳು. ಅಪ್ಪ ಭೀಮ, ಹುಡುಗಿ ದುರ್ಯೋಧನ. ಅವಳ ಕೈಯಲ್ಲಿ ಮೂರು ಬಳೆಚೂರು, ಬೆವರು ನಾಲ್ಕರಲ್ಲಿ, ಸೂರ್ಯನಿಗೆ ಇನ್ನು ಎರಡೇ ಮನೆ. ಎರಡು ಸುತ್ತು ಸುಮ್ಮನಿದ್ದರೆ ಆಟ ಸಮವಾಗುತ್ತಿತ್ತು. ಗಮಕ ಕೇಳಿ ಬೆಳೆದ ಅಪ್ಪ ಕನ್ನಡಕ ಸರಿಮಾಡಿಕೊಂಡು ಪದ್ಯ ಓದಿದರು. ಕೊನೆಯ ಸಾಲನ್ನು ನಿಧಾನವಾಗಿ, ಅವಳ ಕಣ್ಣನ್ನೇ ನೋಡುತ್ತ ಮುಗಿಸಿದರು. ಹುಡುಗಿಯ ಬೆರಳು ಕಾಯಿಯ ಮೇಲಿತ್ತು, ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದಳು. ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಕಾಯಿಯನ್ನು ನೀಲಿ ಮನೆಯಿಂದ ಎತ್ತಿ ದಡದಲ್ಲಿಟ್ಟಳು.

“ಯಾಕೆ ಪುಟ್ಟಿ, ಇನ್ನೆರಡು ಸುತ್ತು ತಾನೇ?” ಎಂದೆ.

“ಇಲ್ಲ ಚಿಕ್ಕಮ್ಮ, ತಾತ ಹಾಗೆ ಓದಿದ ಮೇಲೂ ಒಳಗೆ ಕೂತಿರುವುದಕ್ಕಾಗುವುದಿಲ್ಲ” ಎಂದಳು. ನಾನು ಎದ್ದು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ.

ಗದಾಯುದ್ಧವನ್ನು ಉದ್ದಕ್ಕೆ ಎಳೆದಿಲ್ಲ. ಇಬ್ಬರೂ ಕವಡೆ ಎಸೆಯುತ್ತಾರೆ, ಹೆಚ್ಚು ಬಿದ್ದವರದು ಪೆಟ್ಟು, ಮೂರು ಪೆಟ್ಟಿಗೆ ಮುಗಿಯುತ್ತದೆ. ಒಂದು ಛಲ ಕೊಟ್ಟರೆ ಇನ್ನೊಂದು ಎಸೆತ. ಸೋತ ಒಂದು ಎಸೆತವನ್ನು ಭೀಮ ತೊಡೆಗೆ ಹೊಡೆದು ಗೆಲುವಾಗಿ ಮಾಡಿಕೊಳ್ಳಬಹುದು, ಒಂದೇ ಸಲ. ಗೆದ್ದವರ ಹೆಸರನ್ನು ‘ಪಟ್ಟ’ ಎಂಬ ಸಾಲಿನಲ್ಲೂ, ದುರ್ಯೋಧನನ ಕೈಯಲ್ಲಿ ಉಳಿದ ಬಳೆಚೂರುಗಳನ್ನು ‘ಛಲ’ ಎಂಬ ಸಾಲಿನಲ್ಲೂ ಬರೆದುಕೊಳ್ಳುತ್ತೇವೆ. ಎರಡನ್ನೂ ಕೂಡಿಸಿ ಒಬ್ಬರನ್ನೇ ಗೆಲ್ಲಿಸಿ ಎಂದು ಕೆಲವರು ಹೇಳಿದರು, ನಾನು ಒಪ್ಪಲಿಲ್ಲ. ಕಾವ್ಯದ ಇನ್ನೊಂದು ಹೆಸರು ಸಾಹಸಭೀಮವಿಜಯ. ಆದರೂ ಅದನ್ನು ಮುಚ್ಚಿಟ್ಟಾಗ ನನ್ನ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನ.

ಈಗ ನಾಲ್ಕನೆಯ ಪಟ ಹೊಲಿಯುತ್ತಿದ್ದೇನೆ, ದಪ್ಪ ಖಾದಿಯ ಮೇಲೆ. ಗರ್ಜನೆಗೆ ಆರೇ ಪದ್ಯ ಸಾಲದು ಎಂದು ಅಪ್ಪ ದೂರುತ್ತಿದ್ದಾರೆ. ದಿನಾ ಸಂಜೆ ಜಗುಲಿಯಲ್ಲಿ ಕುಳಿತು ಒಂದೊಂದೇ ಕಂದವನ್ನು ಗಟ್ಟಿಯಾಗಿ ಓದಿ ನೋಡುತ್ತಾರೆ. ಅವರ ಕಿವಿಗೆ ಒಪ್ಪಿದ್ದನ್ನು ನಾನು ಚೀಟಿಗೆ ಇಳಿಸುತ್ತೇನೆ.