ಕಲ್ಲಿನ ಬರಹ ನನ್ನ ಫೋನಿನ ಬರಹವನ್ನು ತಿದ್ದಿದ ಬಗೆ

ಏಳು ವರ್ಷಗಳಿಂದ ನಾನು ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳ ವೀರಗಲ್ಲು ಮತ್ತು ಶಾಸನಗಳ ಬಗ್ಗೆ ಫೇಸ್‌ಬುಕ್ಕಿನಲ್ಲಿಯೂ ನಮ್ಮ ತಾಲ್ಲೂಕಿನ ಒಂದು ವಾಟ್ಸ್ಯಾಪ್ ಗುಂಪಿನಲ್ಲಿಯೂ ಬರೆಯುತ್ತ ಬಂದಿದ್ದೇನೆ. ವೃತ್ತಿಯಿಂದ ನಾನು ಪ್ರೌಢಶಾಲೆಯ ಕನ್ನಡ ಅಧ್ಯಾಪಕ. ಶಾಸನಗಳನ್ನು ಓದಲು ಕಲಿತದ್ದು ನಲವತ್ತು ದಾಟಿದ ಮೇಲೆ, ಭಾನುವಾರದ ತರಗತಿಗಳಲ್ಲಿ. ಓದಲು ಬಂದದ್ದನ್ನು ನಾಲ್ಕು ಜನರಿಗೆ ಹೇಳಬೇಕೆಂಬ ಆಸೆಯಿಂದ ಬರೆಯತೊಡಗಿದೆ. ಹಾಗೆ ಬರೆಯುತ್ತ ಹೋದಂತೆ, ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಬರೆಸಿದವರ ಕ್ರಮವೇ ನನ್ನ ಬರವಣಿಗೆಯನ್ನು ತಿದ್ದಿತು.

ಮೊದಲ ಬಾರಿಗೆ ಬಹಳ ಜನ ಓದಿದ ನನ್ನ ಬರಹ ಆತಕೂರಿನ ಕಲ್ಲಿನ ಕುರಿತಾದದ್ದು. ಮದ್ದೂರು ತಾಲ್ಲೂಕಿನಲ್ಲಿ ದೊರೆತ, ಕ್ರಿ.ಶ. 949–50ರ ಈ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಅವನ ಒಡೆಯನಾದ ಗಂಗ ಅರಸ ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಬೇಡಿಕೊಂಡದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನೆಡಿಸಿ, ಭೂಮಿಯನ್ನೂ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಎಂದರೆ ಅಲ್ಲಿನ ಶೈವ ಪೂಜಾರಿಗೆ, ಪಾಪ ತಟ್ಟಲಿ ಎಂದು ಬರೆಸಿದ್ದಾರೆ. ಇಷ್ಟನ್ನು ನಾನು ಇಪ್ಪತ್ತು ಸಾಲಿನಲ್ಲಿ ಬರೆದಿದ್ದೆ. ಆ ರಾತ್ರಿಯೇ ಜನ ತಮ್ಮ ಮನೆಯ ನಾಯಿಗಳ ಬಗ್ಗೆ ಬರೆಯತೊಡಗಿದರು: ತೋಟ ಕಾಯುತ್ತ ಹಾವು ಕಚ್ಚಿ ಸತ್ತದ್ದು, ಯಜಮಾನರು ತೀರಿಕೊಂಡ ಮೇಲೆ ಹನ್ನೊಂದು ದಿನ ಜಗಲಿಯನ್ನು ಬಿಟ್ಟು ಕದಲದಿದ್ದದ್ದು. ನಾಯಿಯನ್ನು ಹೂತ ಜಾಗದಲ್ಲಿ ತನ್ನ ತಂದೆ ಒಂದು ಕಲ್ಲನ್ನು ನಿಲ್ಲಿಸಿದ್ದನ್ನು ಒಬ್ಬ ಹೆಣ್ಣುಮಗಳು ನೆನೆದಳು. ಅದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಅಂದಿನವರೆಗೆ ತನಗೆ ಹೊಳೆದಿರಲಿಲ್ಲ ಎಂದಳು. ಗಂಗರ ವಂಶಾವಳಿಯನ್ನು ಪಾಠ ಹೇಳಿದ ನನ್ನ ಇಷ್ಟು ವರ್ಷಗಳಲ್ಲಿ ಇಂಥ ಮಾತು ತರಗತಿಯಲ್ಲಿ ಒಮ್ಮೆಯೂ ಹುಟ್ಟಿರಲಿಲ್ಲ.

ಎರಡನೆಯ ಪಾಠ ಅಷ್ಟು ಸುಲಭದ್ದಾಗಿರಲಿಲ್ಲ. ನಮ್ಮ ಪಕ್ಕದ ಹಳ್ಳಿಯ ತುರುಗೊಳ್ ಕಲ್ಲೊಂದನ್ನು, ಎಂದರೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರೊಡನೆ ಕಾದಿ ಸತ್ತವನ ಕಲ್ಲನ್ನು ಓದುವಾಗ, ‘ಗಾವುಂಡ’ ಎಂಬ ಪದ ಕಂಡ ಕೂಡಲೇ ಆ ವೀರನನ್ನು ಇಂದಿನ ಒಂದು ಸಮುದಾಯದ ಪೂರ್ವಿಕನೆಂದು ಬರೆದುಬಿಟ್ಟೆ. ಗಾವುಂಡ ಎಂಬುದು ಅಂದಿನ ಊರೊಡೆಯನ ಪದವಿ. ಅದರಿಂದ ಜಾತಿಯನ್ನು ಹೇಳಲು ಬಾರದು ಎಂಬುದು ನನಗೆ ಗೊತ್ತಿತ್ತು. ಓದುವವರಿಗೆ ಹತ್ತಿರವಾಗಲಿ ಎಂಬ ಆತುರದಲ್ಲಿ ಗೊತ್ತಿದ್ದನ್ನೂ ಬದಿಗಿಟ್ಟೆ. ಎರಡೇ ದಿನದಲ್ಲಿ ಆ ಬರಹ ನನ್ನ ಹೆಸರನ್ನು ಕಳೆದುಕೊಂಡು, ಕೊನೆಗೆ ಯಾರೋ ಸೇರಿಸಿದ ಎರಡು ಸಾಲಿನೊಂದಿಗೆ, ಗುಂಪಿನಿಂದ ಗುಂಪಿಗೆ ಹರಿದು ನನ್ನ ಫೋನಿಗೇ ಹಿಂದಿರುಗಿತು. ವಾರದೊಳಗೆ ಕಲ್ಲಿಗೆ ಎನಾಮೆಲ್ ಬಣ್ಣ ಬಳಿಯಲಾಗಿತ್ತು, ಎರಡು ಕೇರಿಯ ಹುಡುಗರ ನಡುವೆ ಮಾತು ನಿಂತಿತ್ತು. ನಾನು ಎರಡೂ ಕೇರಿಗೆ ಹೋಗಿ, ಅರಳಿಕಟ್ಟೆಯ ಮೇಲೆ ಹಿರಿಯರ ಎದುರು ಕುಳಿತು, ತಪ್ಪು ನನ್ನದೆಂದು ಹೇಳಿ ಬಂದೆ. ಬಣ್ಣ ಅಕ್ಷರಗಳ ಒಳಗೆ ಇಳಿದು ಕೂತಿತ್ತು. ಅದನ್ನು ತೆಗೆಯಲು ಇಂದಿಗೂ ಆಗಿಲ್ಲ.

ವಾಟ್ಸ್ಯಾಪ್ 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆಗೆ ಕಳುಹಿಸಬಹುದೆಂಬ ಮಿತಿ ಹಾಕಿತು. ಆದರೆ ಹೆಸರು ಕಳಚಿ ಹೋದ ಬರಹಕ್ಕೆ ಐದು ಕಡೆಯಾದರೂ ಸಾಕು. ಆ ಘಟನೆಯಾದ ಮೇಲೆ ನಾನು ಶಾಸನಗಳ ಒಕ್ಕಣೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಆಳುವ ಅರಸ ಯಾರು, ಕಾಲ ಯಾವುದು, ಊರು ಯಾವುದು, ಸಾಕ್ಷಿ ಯಾರು ಎಂಬುದೆಲ್ಲ ಅಲ್ಲಿ ಕ್ರಮವಾಗಿ ಬರುತ್ತದೆ. ಇದನ್ನು ಅಳಿಸಿದವನು ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪ ಬರುತ್ತದೆ. ಎಷ್ಟೋ ಕಡೆ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಕೊನೆಯಲ್ಲಿರುತ್ತವೆ. ಬರಹ ದಾರಿ ತಪ್ಪಬಾರದೆಂಬ ಚಿಂತೆ ಅವರಿಗೂ ಇತ್ತು. ಜೊತೆಗೆ ಅವರ ಬರಹ ನೆಟ್ಟಲ್ಲಿಯೇ ನಿಲ್ಲುತ್ತಿತ್ತು, ನನ್ನದಕ್ಕೆ ನಿಲ್ಲಲು ನೆಲವೇ ಇರಲಿಲ್ಲ.

ಆದ್ದರಿಂದ ಈಗ ಒಂದು ಕಲ್ಲಿನ ಬಗ್ಗೆ ಬರೆಯುವ ಮೊದಲು ಕನಿಷ್ಠ ಎರಡು ಸಲ ಅಲ್ಲಿಗೆ ಹೋಗುತ್ತೇನೆ. ಒಮ್ಮೆ ಬೆಳಗಿನ ಓರೆ ಬಿಸಿಲಿನಲ್ಲಿ, ಇನ್ನೊಮ್ಮೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಬದಿಯಿಂದ ಹಿಡಿದು ನೋಡಿದರೆ, ಹಗಲು ಕಾಣದ ಗೀರುಗಳು ಎದ್ದು ಬರುತ್ತವೆ. ಊರಿನವರ ಒಪ್ಪಿಗೆ ಪಡೆದು, ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದಷ್ಟೇ ತೊಳೆಯುತ್ತೇನೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲೇ ಬಂದಿರುವುದರಿಂದ, ಕಲ್ಲು ಅದರಲ್ಲಿ ಸೇರಿದೆಯೇ ಎಂದು ಹುಡುಕುತ್ತೇನೆ. ಬರೆಯುವಾಗ ಶಾಸನದ ಪಾಠವನ್ನು ಇದ್ದ ಹಾಗೆಯೇ, ಹಳಗನ್ನಡದ ೞ ಮತ್ತು ಱ ಅಕ್ಷರಗಳ ಸಹಿತ ಕೊಡುತ್ತೇನೆ. ಸವೆದ ಕಡೆ ಚುಕ್ಕಿ ಇಡುತ್ತೇನೆ. ನನ್ನ ಊಹೆಯನ್ನು ಬೇರೆ ಪ್ಯಾರಾದಲ್ಲಿ, ಊಹೆಯೆಂದೇ ಹೇಳಿ ಬರೆಯುತ್ತೇನೆ. ಊರಿನ ಹೆಸರು, ತಾರೀಖು, ನನ್ನ ಹೆಸರು ಮೂರನ್ನೂ ಕೊನೆಯಲ್ಲಿಡದೆ ಬರಹದ ನಡುವೆಯೇ ನೇಯುತ್ತೇನೆ, ಏಕೆಂದರೆ ಕತ್ತರಿಸುವವರು ಮೊದಲು ಕತ್ತರಿಸುವುದು ಕೊನೆಯನ್ನು.

ಬೆಂಗಳೂರಿನ ಹೆಸರಿನ ವಿಷಯದಲ್ಲಿ ಈ ಕ್ರಮ ಬಹಳ ಉಪಕಾರಕ್ಕೆ ಬಂತು. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂಬ ಕತೆ ಪ್ರತಿ ನವೆಂಬರಿನಲ್ಲಿ ಫೋನಿಗೆ ಬರುತ್ತದೆ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 900ರ ಕಲ್ಲಿನಲ್ಲಿ ಬೆಂಗುಳೂರಿನ ಕಾಳಗದ ಮಾತಿದೆ. ಅದು ಬಲ್ಲಾಳನಿಗಿಂತ ಇನ್ನೂರು ವರ್ಷಕ್ಕೂ ಹಿಂದಿನದು. ಮೊದಲು ನಾನು ಇದನ್ನು ಕತೆ ಕಳುಹಿಸಿದವರನ್ನು ತಿದ್ದಲು ಬಳಸುತ್ತಿದ್ದೆ, ಅವರು ಮುನಿಸಿಕೊಳ್ಳುತ್ತಿದ್ದರು. ಈಗ ಕಲ್ಲಿನ ಚಿತ್ರ ಹಾಕಿ, ಆ ಸಾಲಿನ ಮೇಲೆ ಗೆರೆ ಎಳೆದು, ಓದಿ ನೋಡಿ ಎನ್ನುತ್ತೇನೆ. ಅಕ್ಷರ ಕೂಡಿಸಿ ಓದಿದವರು ತಾವೇ ಬೇಗೂರಿಗೆ ಹೋಗಿ ಬಂದು ಚಿತ್ರ ಕಳುಹಿಸುತ್ತಾರೆ. ಹೆಬ್ಬಾಳದಲ್ಲಿ 2018ರಲ್ಲಿ ಮಣ್ಣಿನಿಂದ ಹೊರಬಂದ, ಕಿತ್ತಯ್ಯನೆಂಬ ವೀರನ ಕಲ್ಲು, ಸುಮಾರು ಕ್ರಿ.ಶ. 750ರದು, ಇಂದು ಉಳಿದಿರುವುದಕ್ಕೂ ಹೀಗೆ ಕಂಡು, ಕೇಳಿ, ಕೂಡಿದ ಸಾಮಾನ್ಯ ಜನರೇ ಕಾರಣ.

ಹೋದ ವರ್ಷ ಒಂದು ಸವೆದ ವೀರಗಲ್ಲಿನ ಚಿತ್ರ ಹಾಕಿ, ಮೇಲಿನ ಅಂಕಣದಲ್ಲಿ ಲಿಂಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ನಿಕೆಯರು, ಕೆಳಗೆ ಕಾಳಗ ಎಂದು ವಿವರಿಸಿ, ಇಂಥ ಕಲ್ಲು ನಿಮ್ಮ ಹಿತ್ತಲಲ್ಲಿದೆಯೇ ಎಂದು ಕೇಳಿದ್ದೆ. ದುಬೈಯಲ್ಲಿರುವ ಒಬ್ಬರು, ‘ನಮ್ಮ ಬಚ್ಚಲ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲಲ್ಲಿ ಇದೇ ಲಿಂಗವಿದೆ ಸಾರ್, ಅಮ್ಮ ಅದಕ್ಕೆ ಅರಿಶಿನ ಹಚ್ಚಿ ಆಮೇಲೆ ಬಟ್ಟೆ ಒಗೆಯುತ್ತಿದ್ದರು’ ಎಂದು ಬರೆದರು. ಚಿತ್ರ ಬೇಕೆಂದೆ. ಮನೆ ಈಗ ಅಣ್ಣನ ಪಾಲಿನಲ್ಲಿದೆ, ಪಾಲಾದಾಗಿನಿಂದ ನಮಗೆ ಮಾತಿಲ್ಲ ಎಂದರು. ನಾನು ಮತ್ತೆ ಕೇಳಲಿಲ್ಲ. ಇಪ್ಪತ್ತು ದಿನದ ಮೇಲೆ ಗುರುತಿಲ್ಲದ ನಂಬರಿನಿಂದ ಮೂರು ಚಿತ್ರ ಬಂದವು. ‘ನಮ್ಮ ತಮ್ಮ ಫೋನ್ ಮಾಡಿದ್ದ. ಕಲ್ಲನ್ನು ಮಗುಚಿದ್ದೇವೆ, ಅಡಿಯಲ್ಲಿ ಅಕ್ಷರ ಇವೆ. ಬನ್ನಿ’ ಎಂದಿತ್ತು.

ಆ ಭಾನುವಾರ ಹೋದೆ. ಸೋಪಿನ ಜಿಗುಟನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆಯಲು ಮಧ್ಯಾಹ್ನವಾಯಿತು. ಅಣ್ಣ ಕೊಡದಲ್ಲಿ ನೀರು ಹೊಯ್ಯುತ್ತಿದ್ದರು, ತಮ್ಮ ದುಬೈಯಿಂದ ವಿಡಿಯೊ ಕರೆಯಲ್ಲಿ ನೋಡುತ್ತಿದ್ದರು. ‘ಸ್ವಸ್ತಿ ಶ್ರೀ’ ಸ್ಪಷ್ಟವಾಗಿತ್ತು. ಎರಡನೆಯ ಸಾಲಿನ ಕೊನೆಯಲ್ಲಿ ‘ಮಗ’ ಎಂದಿತ್ತು. ಯಾರ ಮಗ ಎಂಬುದು ಅಮ್ಮ ಬಟ್ಟೆ ತಿಕ್ಕುತ್ತಿದ್ದ ಮೂಲೆಯ ಕಡೆಗೆ ಸವೆದು ಹೋಗಿತ್ತು. ಟಾರ್ಚ್ ಹಿಡಿದು ನೋಡಲು ಸಂಜೆಯವರೆಗೆ ಇರಿ ಎಂದು ಇಬ್ಬರೂ ಹೇಳಿದ್ದರಿಂದ, ಊಟ ಮಾಡಿ ಕತ್ತಲಾಗುವುದನ್ನು ಕಾಯುತ್ತ ಅಲ್ಲಿಯೇ ಕುಳಿತೆವು.