ನಾಯಿ ಕಾಲು ನೆಕ್ಕುತ್ತಲೇ ಇದ್ದರೆ ಮೊದಲು ಬೆರಳ ಸಂದಿ ನೋಡಿ

ನಾಯಿ ಅಂದ ಮೇಲೆ ಕಾಲು ನೆಕ್ಕುತ್ತದೆ. ಹೊರಗೆ ಸುತ್ತಾಡಿ ಬಂದು ನಾಲ್ಕು ಸಲ ನೆಕ್ಕಿಕೊಂಡು ಮಲಗಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಊಟ ಬಿಟ್ಟು, ಆಟ ಬಿಟ್ಟು ನೆಕ್ಕುತ್ತಿದ್ದರೆ, ರಾತ್ರಿ ದೀಪ ಆರಿಸಿದ ಮೇಲೂ ಮೂಲೆಯಿಂದ ಚಪ್ ಚಪ್ ಸದ್ದು ಬರುತ್ತಿದ್ದರೆ ವಿಷಯ ಬೇರೆ. ಬಿಳಿ ನಾಯಿಯಾದರೆ ಪಾದದ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ನೋಡಿ ಗಾಬರಿಯಾಗಬೇಡಿ, ಅದು ರಕ್ತ ಅಲ್ಲ, ಜೊಲ್ಲಿನ ಕಲೆ. ಬಹಳ ದಿನದಿಂದ ನೆಕ್ಕುತ್ತಿದೆ ಅನ್ನುವುದಕ್ಕೆ ಗುರುತು.

ಗದರಿಸಿ ಪ್ರಯೋಜನವಿಲ್ಲ. ನಿಮ್ಮ ಎದುರಿಗೆ ನೆಕ್ಕುವುದನ್ನು ನಿಲ್ಲಿಸುತ್ತದೆ, ಮಂಚದ ಕೆಳಗೆ ಹೋಗಿ ನೆಕ್ಕುತ್ತದೆ, ಅಷ್ಟೇ. ನಮ್ಮ ಮನೆಯ ಹುಡುಗರು "ಅಜ್ಜಿ, ಅವನಿಗೆ ಬೋರಾಗಿದೆ" ಅಂತಾರೆ. ಬೇಜಾರಿಗೆ ನೆಕ್ಕುವ ನಾಯಿಗಳೂ ಇವೆ. ಆದರೆ ಆ ಮಾತನ್ನು ಬೇರೆಲ್ಲ ನೋಡಿ ಆದ ಮೇಲೆ ಹೇಳಬೇಕು.

ಮೊದಲು ಗಮನಿಸಬೇಕಾದ್ದು ಒಂದೇ: ನೆಕ್ಕುತ್ತಿರುವುದು ಒಂದು ಕಾಲನ್ನೋ, ನಾಲ್ಕನ್ನೂನೋ? ಒಂದೇ ಕಾಲು, ಅದೂ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಅಲ್ಲೇ ಏನೋ ಚುಚ್ಚಿದೆ, ಕಚ್ಚಿದೆ ಇಲ್ಲವೇ ನೋಯುತ್ತಿದೆ. ನಾಲ್ಕೂ ಕಾಲು, ಜೊತೆಗೆ ಕಿವಿ ಕೆರೆತ, ಹೊಟ್ಟೆ ಕೆಂಪು ಅಂದರೆ ಸಾಮಾನ್ಯವಾಗಿ ಅಲರ್ಜಿ.

ನಾಯಿ ಹೊಟ್ಟೆ ತುಂಬಿ ಮಲಗಿರುವಾಗ ಪಕ್ಕದಲ್ಲಿ ಕೂತುಕೊಳ್ಳಿ. ಕನ್ನಡಕ ಹಾಕಿಕೊಳ್ಳಿ, ಮೊಬೈಲಿನ ಟಾರ್ಚು ಹಚ್ಚಿ. ನೋವಿದ್ದರೆ ಸಾಕಿದ ನಾಯಿಯೂ ಕಚ್ಚುತ್ತದೆ, ಆದ್ದರಿಂದ ಒಬ್ಬರು ತಲೆ ಸವರುತ್ತಾ ಕೂರಲಿ. ಒಂದೊಂದೇ ಬೆರಳನ್ನು ಮೆಲ್ಲಗೆ ಅಗಲಿಸಿ, ಮೇಲೂ ಕೆಳಗೂ ನೋಡಿ. ಎಳ್ಳಿನಷ್ಟೇ ಇರುವ ಮರಿ ಉಣ್ಣೆ ಅಲ್ಲೇ ಅಡಗಿರುತ್ತದೆ. ಚಿಮಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಿರಿ. ಬೀಡಿ ತಾಗಿಸುವುದು, ಸೀಮೆಎಣ್ಣೆ ಹಾಕುವುದು ಬೇಡವೇ ಬೇಡ. ಉಣ್ಣೆಯಿಂದ ಜ್ವರವೂ ಬರುತ್ತದೆ. ನಾಯಿ ಮಂಕಾಗಿ ಊಟ ಬಿಟ್ಟರೆ ಕಾಲಿನ ಚಿಂತೆ ಆಮೇಲೆ, ಮೊದಲು ಡಾಕ್ಟರು.

ಬಯಲು ಕಡೆ ತಿರುಗಾಡುವ ನಾಯಿಗೆ ನೆಗ್ಗಿಲು ಮುಳ್ಳು ಚುಚ್ಚುತ್ತದೆ. ಅದಾದರೂ ಕಣ್ಣಿಗೆ ಕಾಣುತ್ತದೆ, ಕಿತ್ತರೆ ಮುಗಿಯಿತು. ಊಬಿನ ಹುಲ್ಲು ಮಾತ್ರ ಪಾಪಿ. ಅದರ ಮೊನೆ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಬೆರಳ ಸಂದಿಯಲ್ಲಿ ಚರ್ಮ ಕೊರೆದು ಒಳಗೆ ಸೇರಿಬಿಟ್ಟರೆ ಮೇಲೆ ಸಣ್ಣ ಉಬ್ಬು, ಒಳಗೆ ಕೀವು. ಅಂಥ ಉಬ್ಬನ್ನು ಪಿನ್ನಿನಲ್ಲಿ ಕೆದಕಬೇಡಿ. ಉಗುರುಗಳನ್ನೂ ನೋಡಿ. ಮುಂಗಾಲಿನ ಒಳಬದಿಗೆ, ನೆಲಕ್ಕೆ ತಾಗದ ಒಂದು ಉಗುರು ಇರುತ್ತದೆ. ಅದು ಸವೆಯುವುದಿಲ್ಲ. ಕತ್ತರಿಸದೆ ಬಿಟ್ಟರೆ ಸುತ್ತಿಕೊಂಡು ಮಾಂಸಕ್ಕೇ ಚುಚ್ಚುತ್ತದೆ.

ಮಳೆಗಾಲದ ಕಥೆ ಇನ್ನೊಂದು. ಗದ್ದೆ ಕೆಲಸದವರಿಗೆ ಕೆಸರುಹುಣ್ಣು ಆಗುತ್ತದಲ್ವಾ, ನಾಯಿಯ ಪಾಡೂ ಹೆಚ್ಚುಕಡಿಮೆ ಹಾಗೇ. ಬೆರಳ ಸಂದಿ ಒದ್ದೆಯಾಗೇ ಇದ್ದರೆ ಯೀಸ್ಟ್ ಬೆಳೆಯುತ್ತದೆ. ಮೂಸಿ ನೋಡಿ, ಹುಳಿ ಹಿಟ್ಟಿನಂಥ ವಾಸನೆ ಬರುತ್ತದೆ. ಕೆರೆತಕ್ಕೆ ನೆಕ್ಕುತ್ತದೆ, ನೆಕ್ಕಿದ್ದಕ್ಕೆ ಮತ್ತೆ ಒದ್ದೆ, ಒದ್ದೆಗೆ ಮತ್ತೆ ಕೆರೆತ. ಇದನ್ನು ತಪ್ಪಿಸಲು ಬಾಗಿಲ ಹತ್ತಿರ ಒಂದು ಅಗಲ ಬೋಗುಣಿ, ಒಂದು ಹಳೇ ಕಾಟನ್ ಪಂಚೆ ಇಟ್ಟುಬಿಡಿ. ಹೊರಗಿಂದ ಬಂದ ತಕ್ಷಣ ಉಗುರುಬೆಚ್ಚಗಿನ ಬರೀ ನೀರಿನಲ್ಲಿ ಕಾಲು ಅದ್ದಿಸಿ, ಆಮೇಲೆ ಒರೆಸಿ. ತೊಳೆಯುವುದಕ್ಕಿಂತ ಒರೆಸುವುದು ಮುಖ್ಯ. ಪಂಚೆಯ ತುದಿಯನ್ನು ಪ್ರತಿ ಸಂದಿಗೂ ತೂರಿಸಿ ಒತ್ತಿ ತೆಗೆಯಿರಿ. ಅಂಗಾಲಿನ ಮೆತ್ತೆಗಳ ನಡುವೆ ಕೂದಲು ಉದ್ದ ಬೆಳೆದಿದ್ದರೆ ಟ್ರಿಮ್ ಮಾಡಿಸಿ, ಬೇಗ ಒಣಗುತ್ತದೆ. ಧೂಳು, ಪರಾಗದ ಅಲರ್ಜಿ ಇರುವ ನಾಯಿಗೂ ಈ ಕಾಲು ತೊಳೆಯುವ ರೂಢಿ ಅನುಕೂಲವೇ.

ಬೇಸಿಗೆಯಲ್ಲಿ ಡಾಂಬರು ರಸ್ತೆಗೆ ನಿಮ್ಮ ಅಂಗೈ ಹಿಂಭಾಗ ಒತ್ತಿ ನೋಡಿ. ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನು ನಡೆಸಬೇಡಿ. ಮನೆಯೊಳಗೆ ಫಿನಾಯಿಲ್ ನೋಡಿಕೊಳ್ಳಿ. ಬಹಳ ಜನ ಬಾಟಲಿಯಿಂದ ಅಂದಾಜಿಗೆ ಸುರಿದು ಒರೆಸುತ್ತಾರೆ. ನಾಯಿ ಅದರ ಮೇಲೇ ಓಡಾಡುತ್ತದೆ, ಪಾದ ಉರಿಯುತ್ತದೆ, ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನೆಲ ಒಣಗುವ ತನಕ ಆಚೆ ಕಟ್ಟಿಹಾಕಿ.

ಮದ್ದಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನಾಯಿಯ ಕಾಲಿಗೆ ಹಚ್ಚಿದ್ದೆಲ್ಲ ನಾಯಿಯ ಹೊಟ್ಟೆಗೇ ಹೋಗುತ್ತದೆ. ಮಕ್ಕಳ ರ‍್ಯಾಶ್ ಕ್ರೀಮು, ಕ್ಯಾಲಮೈನ್ ಇಂಥವುಗಳಲ್ಲಿ ಜಿಂಕ್ ಇರುತ್ತದೆ, ನಾಯಿಗೆ ಆಗದು. ಟೀ ಟ್ರೀ ಎಣ್ಣೆ ವಿಷ. ಮೊಣಕಾಲು ನೋವಿಗೆ ನಾವು ಹಚ್ಚಿಕೊಳ್ಳುವ ಜೆಲ್, ನುಂಗುವ ಮಾತ್ರೆ ಅಂತೂ ಅದರ ಹತ್ತಿರವೂ ತರಬೇಡಿ. ನೆಕ್ಕುವುದನ್ನು ಸದ್ಯಕ್ಕೆ ನಿಲ್ಲಿಸಬೇಕಿದ್ದರೆ ಕತ್ತಿಗೆ ಹಾಕುವ ಕೋನ್ ಇದೆ. ಕಾಲುಚೀಲ ಸ್ವಲ್ಪ ಹೊತ್ತಿಗೆ ಪರವಾಗಿಲ್ಲ, ರಾತ್ರಿಯಿಡೀ ಬಿಟ್ಟರೆ ಒಳಗೆ ಬೆವರುತ್ತದೆ. ನಾಯಿಗೆ ಪಾದದಲ್ಲಿ ಬೆವರು ಬರುತ್ತದೆ.

ಕುಂಟುತ್ತಿದ್ದರೆ, ಬಾವು, ಕೀವು, ರಕ್ತ ಕಂಡರೆ, ಮಾರನೇ ದಿನವೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಯಸ್ಸಾದ ನಾಯಿ ಮುಂಗಾಲಿನ ಮಣಿಕಟ್ಟನ್ನೇ ನೆಕ್ಕುತ್ತಿದ್ದರೆ ಅಲ್ಲಿ ಕೀಲು ನೋವಿರಬಹುದು, ಅದನ್ನೂ ಡಾಕ್ಟರಿಗೆ ಹೇಳಿ. ಊಟದ ಅಲರ್ಜಿ ಇರಬಹುದು ಅಂತ ಅವರು ಹೇಳಿದರೆ, ಅದುವರೆಗೆ ತಿನ್ನದ ಯಾವುದಾದರೂ ಒಂದೇ ಬಗೆಯ ಆಹಾರವನ್ನು ಸುಮಾರು 8 ವಾರ ಕೊಡಿಸುತ್ತಾರೆ. ಕೋಳಿ, ಹಾಲು, ಗೋಧಿ ಇವು ಸಾಮಾನ್ಯವಾಗಿ ಅನುಮಾನಕ್ಕೆ ಬರುವ ಪದಾರ್ಥಗಳು. ನಮ್ಮ ಮನೆಗಳಲ್ಲಿ ಎಡವುವುದು ಇಲ್ಲೇ. ಡಾಕ್ಟರು ಹೇಳಿದ್ದನ್ನು ಮಗಳು ಅಳೆದು ಹಾಕುತ್ತಾಳೆ, ತಾತ ಟೀ ಕುಡಿಯುತ್ತಾ ಮೇಜಿನ ಕೆಳಗೆ ಬಿಸ್ಕತ್ತು ತೂರಿಸುತ್ತಾರೆ. ಅಲ್ಲಿಗೆ ಪರೀಕ್ಷೆ ಕೆಟ್ಟಿತು, ಮತ್ತೆ ಮೊದಲಿಂದ ಶುರು ಮಾಡಬೇಕು. ಆ 8 ವಾರ ನಾಯಿಗಿಂತ ಜಾಸ್ತಿ ತಾತನ ಮೇಲೆ ಕಣ್ಣಿಡಿ.